ಅತ್ತೆಯವರ ರೂಪಾಯಿ ಮತ್ತು ಒಂದು ಚುಕ್ಕೆ

ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆಯ ಕಲಶಕ್ಕೆ ಹಾಕುವುದು ಅತ್ತೆಯವರು ಕೊಟ್ಟ 1918ರ ಬೆಳ್ಳಿ ರೂಪಾಯಿ. ಒಂದು ಬದಿಯಲ್ಲಿ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಯಲ್ಲಿ ಹೂಬಳ್ಳಿಯ ನಡುವೆ ಇಸವಿ. ಬಳ್ಳಿಯ ಕೆಳಭಾಗದಲ್ಲಿ ಒಂದು ಕಮಲ. ಅದರ ಕೆಳಗೆ ಸಾಸಿವೆಗಿಂತಲೂ ಚಿಕ್ಕದೊಂದು ಉಬ್ಬು ಚುಕ್ಕೆ. ಎಷ್ಟೋ ವರ್ಷ ನಾನದನ್ನು ಗಮನಿಸಿಯೇ ಇರಲಿಲ್ಲ. ಅದು ಬೊಂಬಾಯಿ ಟಂಕಸಾಲೆಯ ಗುರುತು. ಇಲ್ಲೇ ಫೋರ್ಟ್‌ನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗಿರುವ ಅದೇ ಟಂಕಸಾಲೆ! ಕಲ್ಕತ್ತೆಯಲ್ಲಿ ಅಚ್ಚಾದ ರೂಪಾಯಿಗೆ ಈ ಚುಕ್ಕೆ ಇಲ್ಲ.

ಗುರುತು ಯಾಕೆ ಬೇಕಿತ್ತು? ಆಗ ರೂಪಾಯಿಯ ಬೆಲೆ ನಿಂತಿದ್ದು ಅದರ ತೂಕ, ಶುದ್ಧತೆಗಳ ಮೇಲಿನ ನಂಬಿಕೆಯಿಂದ. ತೂಕ 11.66 ಗ್ರಾಂ, ನೂರಕ್ಕೆ 91ಕ್ಕೂ ಹೆಚ್ಚು ಪಾಲು ಬೆಳ್ಳಿ. ಎಲ್ಲಾದರೂ ಕೊರತೆ ಕಂಡರೆ ಯಾವ ಟಂಕಸಾಲೆ ಹೊಣೆ ಎಂದು ತಿಳಿಯಬೇಕಲ್ಲ. ಈ ಪದ್ಧತಿ ಇಂದಿಗೂ ಇದೆ. ಪರ್ಸಿನಲ್ಲಿರುವ ನಾಣ್ಯದ ಇಸವಿಯ ಕೆಳಗೆ ನೋಡಿ: ವಜ್ರಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ.

ಲೆಕ್ಕಕ್ಕೆಂದು ಹುಟ್ಟಿದ ಈ ಗುರುತೇ ಮುಂದೆ ಮೋಸಕ್ಕೂ ದಾರಿಯಾಯಿತು. ಅಮೆರಿಕದ 1916ರ ಹತ್ತು ಸೆಂಟಿನ ನಾಣ್ಯವನ್ನೇ ತೆಗೆದುಕೊಳ್ಳಿ. ಫಿಲಡೆಲ್ಫಿಯಾದಲ್ಲಿ ಎರಡು ಕೋಟಿಗೂ ಹೆಚ್ಚು ಅಚ್ಚಾದವು, ಅವಕ್ಕೆ ಗುರುತಿಲ್ಲ. ಡೆನ್ವರ್‌ನಲ್ಲಿ ಅಚ್ಚಾದದ್ದು 2,64,000 ಮಾತ್ರ, ಅವುಗಳ ಮೇಲೆ ಪುಟ್ಟ 'ಡಿ' ಅಕ್ಷರ. ಬೆಲೆಯಲ್ಲಿ ಅಜಗಜಾಂತರ. ಹಾಗಾಗಿ ಸಾಮಾನ್ಯ ನಾಣ್ಯಕ್ಕೆ 'ಡಿ' ಅಂಟಿಸಿ ಮಾರುವವರು ಹುಟ್ಟಿಕೊಂಡರು.

ನನ್ನ ಗೆಳತಿಯೊಬ್ಬರಿಗೂ ಇಂಥದೇ ಅನುಭವವಾಯಿತು. ಬೊಂಬಾಯಿ ಅಚ್ಚಿನದು, ಅಪರೂಪದ್ದು ಎಂದು ನಂಬಿಸಿ ಅವರಿಗೆ ಹಳೆಯ ಅರ್ಧ ರೂಪಾಯಿಯೊಂದನ್ನು ದುಬಾರಿ ಬೆಲೆಗೆ ಮಾರಿದ್ದರು. ಅಕ್ಕಸಾಲಿಗರು ತೂಗಿ, ಒರೆಹಚ್ಚಿ "ಬೆಳ್ಳಿ ಅಪ್ಪಟ" ಎಂದರು. ಅವರ ಮಾತೇನೂ ಸುಳ್ಳಲ್ಲ. ನಾಣ್ಯ ಅಸಲಿ, ನಕಲಿಯಾಗಿದ್ದು ಚುಕ್ಕೆ ಮಾತ್ರ! ತಕ್ಕಡಿಗೆ ಈ ಮೋಸ ಸಿಗುವುದಿಲ್ಲ, ಕಣ್ಣಿಗೇ ಸಿಗಬೇಕು.

ಹಾಗಾದರೆ ನೋಡುವುದು ಹೇಗೆ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತೆಗೆದುಕೊಳ್ಳಿ. ದೀಪದ ಬೆಳಕು ಓರೆಯಾಗಿ ಬೀಳಲಿ. ಅಸಲಿ ಗುರುತು ನಾಣ್ಯದ ಮೈಯಿಂದಲೇ ಎದ್ದು ಬಂದಿರುತ್ತದೆ. ಅಂಟಿಸಿದ್ದಾದರೆ ಬುಡದ ಸುತ್ತ ಕೂದಲೆಳೆಯಂಥ ಗೆರೆ, ಬೆಸುಗೆಯ ಕಲೆ ಅಥವಾ ಬಣ್ಣದ ವ್ಯತ್ಯಾಸ ಕಾಣಬಹುದು. ಗುರುತನ್ನು ಕೆರೆದು ತೆಗೆದಿದ್ದರೆ ಆ ಜಾಗ ತುಸು ತಗ್ಗಾಗಿ, ಅಲ್ಲಷ್ಟೇ ಅತಿ ನುಣುಪಾಗಿರುತ್ತದೆ. ನಾಣ್ಯದ ಅಂಚನ್ನೂ ನೋಡಿ. ಅಂಚಿನಿಂದ ತೂತು ಕೊರೆದು, ಒಳಗಿನಿಂದ ಲೋಹವನ್ನು ಮೇಲಕ್ಕೊತ್ತಿ ಗುರುತು ಮೂಡಿಸಿ, ಆಮೇಲೆ ತೂತು ಮುಚ್ಚುವ ಚಾಲಾಕಿಗಳೂ ಇದ್ದಾರೆ. ಕೊನೆಗೆ, ಅದೇ ಇಸವಿಯ ಖಚಿತ ಅಸಲಿಯ ಚಿತ್ರದ ಜೊತೆ ಗುರುತಿನ ಆಕಾರ, ಗಾತ್ರ, ಜಾಗಗಳನ್ನು ಹೋಲಿಸಿ.

ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ನಾಣ್ಯವನ್ನು ಫಳಫಳ ಹೊಳೆಸುವ ಅಭ್ಯಾಸ ನಮ್ಮದು. ದಯವಿಟ್ಟು ಬೇಡ. ತಿಕ್ಕಿದರೆ ಬೆಲೆಯೂ ಇಳಿಯುತ್ತದೆ, ಅಸಲಿ ನಕಲಿಯ ಸಾಕ್ಷಿಯೂ ಅಳಿಯುತ್ತದೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಸಂದೇಶ ಬಂದರೂ ನಂಬಬೇಡಿ. ಅಂಥ ವ್ಯವಹಾರ ತನ್ನದಲ್ಲ ಎಂದು ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಅತ್ತೆಯವರ ರೂಪಾಯಿಯನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಚುಕ್ಕೆ ಅಸಲಿಯೇ. ಅಪರೂಪದ್ದೇನಲ್ಲ, ಮಾರಿದರೆ ದೊಡ್ಡ ಮೊತ್ತವೂ ಬಾರದು. ಆದರೂ ಈ ಊರಲ್ಲೇ ಅಚ್ಚಾಗಿ, ಯಾರ ಯಾರದೋ ಕೈ ದಾಟಿ ಧಾರವಾಡದ ಅತ್ತೆಯವರ ಪೆಟ್ಟಿಗೆ ಸೇರಿ, ಮತ್ತೆ ಇಲ್ಲಿಗೇ ಬಂದಿದೆ. ಈ ಸಲ ಅದನ್ನು ಹುಣಸೆಹಣ್ಣು ಸೋಕಿಸದೆ, ಹಾಗೆಯೇ ಕಲಶಕ್ಕೆ ಹಾಕಿದೆ.