ಹಡಿಲು ಬಿಟ್ಟದ್ದೂ ಬಿದ್ದದ್ದೂ

ಘಟ್ಟದ ಮೇಲಿನಿಂದ ಬಂದ ನೆಂಟರು ರಸ್ತೆಬದಿಯ ಗದ್ದೆ ತೋರಿಸಿ "ಇಷ್ಟು ಒಳ್ಳೇ ಜಮೀನು ಖಾಲಿ ಬಿಟ್ಟಿದ್ದಾರಲ್ಲ" ಎಂದರೆ ಕುಂದಾಪುರದವರಿಗೆ ತಟ್ಟನೆ ಏನು ಹೇಳಬೇಕೆಂದು ತಿಳಿಯುವುದಿಲ್ಲ. ಖಾಲಿ ಎಲ್ಲಿದೆ? ಆಳೆತ್ತರದ ಪೊದೆ, ಅದರ ಮೇಲೆ ಹಬ್ಬಿದ ಬಳ್ಳಿ, ಬುಡದಲ್ಲಿ ನಾಚಿಕೆಮುಳ್ಳು. ಕಾಲಿಡಲು ಜಾಗವಿಲ್ಲ. ಇದಕ್ಕೆ ನಮ್ಮಲ್ಲಿ ಹಡಿಲು ಎನ್ನುತ್ತಾರೆ.

ಬರೆಯುವಾಗ ಹಡಿಲು, ಬಾಯಲ್ಲಿ ಹಡ್ಲ್. ಹಾಲು ಹಾಲ್ ಆಗುವ ಹಾಗೆ. ಬ್ರಹ್ಮಾವರದಿಂದ ತೆಂಕಕ್ಕೆ ಹೋಗುತ್ತ ತುಳು ಕಿವಿಗೆ ಬೀಳತೊಡಗಿದರೆ ಇದೇ ಪದ ಪಡಿಲ್. ಹಳಗನ್ನಡದ ಪುಲ್ಲು ನಮ್ಮ ಬಾಯಲ್ಲಿ ಹುಲ್ಲಾಯಿತು. ಪಡಿಲಿನ ಪಕಾರವನ್ನೂ ನಾವು ಹಾಗೇ ದಾರಿಯಲ್ಲೆಲ್ಲೋ ಬಿಟ್ಟು ಬಂದಿದ್ದೇವೆ, ತುಳುವರು ಜೋಪಾನ ಮಾಡಿದ್ದಾರೆ. ಮಂಗಳೂರಿನ ಪಡೀಲ್ ದಾಟುವಾಗಲೆಲ್ಲ ನನಗೆ ಬಸ್ಸಿನ ಬೋರ್ಡಿನಲ್ಲಿ ಒಂದು ಗದ್ದೆ ಕಾಣುತ್ತದೆ. ಅತ್ತ ನಾಗರಹೊಳೆಯಲ್ಲಿ ಹಡ್ಲು ಎಂದರೆ ಕಾಡಿನ ನಡುವಿನ ತಗ್ಗು ಜೌಗು, ಆನೆ ಕಾಟಿಗಳು ಮೇಯುವ ಹುಲ್ಲಿನ ಬಯಲು. ವನ್ಯಜೀವಿ ತಜ್ಞರು ಇಂಗ್ಲಿಷಿನಲ್ಲಿ ಬರೆಯುವಾಗಲೂ ಆ ಪದವನ್ನು ಹಾಗೇ ಇಟ್ಟುಕೊಳ್ಳುತ್ತಾರೆ. ಅಲ್ಲಿ ಹಡ್ಲು ಇದ್ದರೆ ಕಾಡಿಗೆ ಲಾಭ. ಇಲ್ಲಿ ಹಡ್ಲ್ ಅಂದರೆ ಮಾತಾಡುವವರ ದನಿ ಒಂದು ಮೆಟ್ಟಿಲು ಇಳಿಯುತ್ತದೆ.

ಸರಕಾರಿ ಕಾಗದದಲ್ಲಿ ಬೀಳು, ಪಾಳು, ಖರಾಬು, ಬಂಜರು ಎಲ್ಲ ಇವೆ. ಯಾವುದೂ ಹಡಿಲಿಗೆ ಸರಿಹೊಂದುವುದಿಲ್ಲ. ಬಂಜರು ಅಂದರೆ ಬೆಳೆಯದ ನೆಲ. ಹಡಿಲು ಅಂದರೆ ಬೆಳೆಸದ ನೆಲ. ಮಣ್ಣಿನಲ್ಲಿ ಸತ್ವವಿದೆ, ಆರೇಳು ತಿಂಗಳು ತೇವವಿದೆ, ಮಳೆಗಾಲವಂತೂ ಕೇಳುವುದೇ ಬೇಡ. ಅದಕ್ಕೇ ನೆಲ ಸುಮ್ಮನೆ ಕೂರುವುದಿಲ್ಲ.

ಪದಕ್ಕಿಂತ ಅದರ ಜತೆಗೆ ಬರುವ ಕ್ರಿಯಾಪದದ ಮೇಲೆ ನನ್ನ ಕಣ್ಣು. ಹಿರಿಯರ ಮಾತಿನಲ್ಲಿ 'ಕೊಳಕೆಗೆ ನೀರು ಸಾಲ, ಈ ಸಲ ಹಡಿಲು ಬಿಟ್ಟೆವು' ಎಂದಿರುತ್ತಿತ್ತು. ಕಾರ್ತಿ, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಯ ಲೆಕ್ಕದಲ್ಲಿ ಒಂದನ್ನು ಬಿಡುವುದು ತೀರ್ಮಾನ. ಬಿಟ್ಟವರು ಇದ್ದರು, ಮರುವರ್ಷ ಹೂಡುವವರೂ ಅವರೇ. ಈಗ ಎಲ್ಲೆಡೆ ಕೇಳುವುದು 'ಹಡಿಲು ಬಿದ್ದಿದೆ'. ಮರ ಬಿದ್ದ ಹಾಗೆ, ಗೋಡೆ ಬಿದ್ದ ಹಾಗೆ. ಯಾರು ಬಿಟ್ಟರು ಎಂಬ ಪ್ರಶ್ನೆಗೆ ಆ ವಾಕ್ಯದಲ್ಲಿ ಎಡೆಯೇ ಇಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸುವ ಅಣ್ಣ, ಬೆಂಗಳೂರಿನ ತಮ್ಮ, ಪಾಲುಪಟ್ಟಿ ಆಗದ ಹತ್ತು ಹೆಸರಿನ ಪಹಣಿ ಇವರೆಲ್ಲ 'ಬಿದ್ದಿದೆ' ಎಂಬ ಒಂದೇ ಪದದ ಹಿಂದೆ ಸಲೀಸಾಗಿ ಅಡಗಿ ಕೂರುತ್ತಾರೆ.

ಕಾರಣಗಳೇನೋ ಇವೆ. ಬೈಲು, ಮಜಲು, ಬೆಟ್ಟು ಎಂದು ನಮ್ಮ ಗದ್ದೆಗಳು ಮೂರು ಬಗೆ. ಮಳೆಯನ್ನೇ ನಂಬಿದ ಬೆಟ್ಟುಗದ್ದೆ ಮೊದಲು ಹಡಿಲು ಬಿತ್ತು. ಹೊಳೆಬದಿಯದಕ್ಕೆ ಉಪ್ಪುನೀರು ನುಗ್ಗಿತು. ನಟ್ಟಿಗೆ ಆಳಿಲ್ಲ, ಬೆಳೆದರೆ ಹಂದಿ, ನವಿಲು, ಮಂಗ. ಗೇಣಿದಾರರನ್ನೇ ಒಡೆಯರನ್ನಾಗಿಸಿದ 1974ರ ಭೂಸುಧಾರಣೆಯ ಡಿಕ್ಲರೇಶನ್ನು ಕಂಡ ಮನೆಗಳಲ್ಲಿ ಗೇಣಿಗೆ ಕೊಡುವ ಮಾತೆತ್ತಿದರೆ ಇವತ್ತಿಗೂ ಹೆದರಿಕೆ. ಗೇಣಿಗೆ ಕೊಡುವ ಬದಲು ಹಡಿಲೇ ವಾಸಿ ಎನ್ನುವವರನ್ನು ನಾನು ತಪ್ಪು ಅನ್ನಲಾರೆ. ಆದರೆ ಅವರ ಪಕ್ಕದಲ್ಲಿ ತೋಟ ಮಾಡಿಕೊಂಡು ಕೂತವರ ಪಾಡು ಬೇರೆ.

ಹಡಿಲಿಗೆ ಮೊದಲು ಬರುವುದು ನಮ್ಮವೇ: ಗರಿಕೆ, ಒಂದೆಲಗ, ಚಗತೆ. ಇವನ್ನು ಕಳೆ ಎನ್ನಲು ನಾಲಗೆ ಏಳುವುದಿಲ್ಲ. ಒಂದೆಲಗ ತಂಬುಳಿಗೆ, ಎಳೆ ಚಗತೆ ಆಷಾಢದ ಪಲ್ಯಕ್ಕೆ, ಗರಿಕೆ ಆನೆಗುಡ್ಡೆಯ ಗಣಪತಿಗೆ. ಸೋಣೆ ತಿಂಗಳ ಹೊಸ್ತಿಲು ಪೂಜೆಗೂ ಅಂಗಳದ ಅಂಚಿನ ಕಾಡುಹೂವೇ ಚಂದ. ಎರಡನೇ ಮಳೆಗಾಲಕ್ಕೆ ಮೇಲೇಳುವುದು ಬೇರೆ ಜಾತಿ. ಪುಸ್ತಕದಲ್ಲಿ ಹಿಂದೆ ಯುಪಟೋರಿಯಂ, ಈಗ ಕ್ರೊಮೊಲಿನಾ. ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡ. ಅಮೆರಿಕದ ಉಷ್ಣವಲಯದ ಗಿಡ. ಕೇರಳದಲ್ಲಿ ಇದಕ್ಕೆ ಕಮ್ಯುನಿಸ್ಟ್ ಪಚ್ಚ ಎಂಬ ಹೆಸರು. ಪಕ್ಷವೂ ಗಿಡವೂ ಒಂದೇ ಕಾಲಕ್ಕೆ ಹಬ್ಬಿದವು ಎಂಬುದು ಹೆಸರಿನ ಹಿಂದಿನ ಕತೆ. ಬಯಲುಸೀಮೆಯಲ್ಲಿ ಪಾರ್ಥೇನಿಯಂ ಕಾಂಗ್ರೆಸ್ ಗಿಡವಾಯಿತು. ಉಳಿದ ಪಕ್ಷಗಳಿಗೆ ಇನ್ನೂ ಗಿಡ ಸಿಕ್ಕಿಲ್ಲ, ಮುಂದೆ ನೋಡಬೇಕು.

ಈ ಗಿಡವನ್ನು ಹತ್ತಿರದಿಂದ ನೋಡಿದವರಿಗೆ ಅದರ ಹಟ ಗೊತ್ತು. ಎದುರುಬದುರು ಜೋಡಿ ಎಲೆ, ಎಲೆಯ ಬುಡದಿಂದ ತ್ರಿಶೂಲದ ಹಾಗೆ ಮೂರು ನರ, ತಿಕ್ಕಿದರೆ ಮೂಗಿಗೆ ಅಡರುವ ಘಾಟು. ದನ ಮೂಸಿ ಮುಂದೆ ಹೋಗುತ್ತದೆ. ಕತ್ತಿಯಲ್ಲಿ ಸವರಿದರೆ ಅದಕ್ಕೆ ಉಪಕಾರ. ಬುಡದ ಗಂಟಿನಿಂದ ಒಂದರ ಬದಲು ನಾಲ್ಕು ಕುಡಿ ಬರುತ್ತದೆ. ಹುಲ್ಲು ಕತ್ತರಿಸುವ ಮಷಿನ್ನು ಹಿಡಿದು ಗಂಟೆ ಲೆಕ್ಕದಲ್ಲಿ ಬರುವ ಹುಡುಗರಿಗೆ ಇದರಿಂದ ವರ್ಷಾವಧಿ ಕೆಲಸ. ಬೇಸಗೆಯಲ್ಲಿ ಬೆಂಕಿ ಕೊಟ್ಟರೆ ಮೇಲಿನ ಕಡ್ಡಿ ಸುಡುತ್ತದೆ, ಬೇರು ಮಳೆಗೆ ಕಾಯುತ್ತದೆ. ಇರುವ ದಾರಿ ಒಂದೇ: ಜುಲೈ, ಆಗಸ್ಟಿನಲ್ಲಿ ಮಣ್ಣು ಮೆತ್ತಗಿರುವಾಗ ಬುಡಕ್ಕೆ ಕೈಹಾಕಿ, ಸ್ವಲ್ಪ ಓರೆಯಾಗಿ ಎಳೆದು, ಬೇರಿನ ಗಂಟು ಸಮೇತ ಎತ್ತುವುದು. ದೊಡ್ಡ ಬುಡಕ್ಕೆ ಪಿಕ್ಕಾಸು. ಕಿತ್ತದ್ದನ್ನು ಹೂವಾಗುವ ಮೊದಲಾದರೆ ತೆಂಗಿನ ಬುಡಕ್ಕೆ ಸೊಪ್ಪಾಗಿ ಹಾಕಬಹುದು, ಆದರೆ ಬೇರು ಮೇಲೆ ಮಾಡಿ. ಇಲ್ಲದಿದ್ದರೆ ಅಲ್ಲೇ ಊರುತ್ತದೆ. ಕೆಲಸದ ನಡುವೆ ಕೈಗೆ ಕತ್ತಿ ತಾಗಿ ರಕ್ತ ಬಂದರೆ ಅದೇ ಗಿಡದ ಎಲೆ ಅರೆದು ರಸ ಹಿಂಡುತ್ತಾರೆ. ರಕ್ತ ನಿಲ್ಲುತ್ತದೆ.

ಚಳಿ ಬಿದ್ದ ಮೇಲೆ ಕಿತ್ತರೆ ಕಷ್ಟ. ಮಸುಕು ಬಿಳಿಯ, ತುಸು ನೀಲಿ ಛಾಯೆಯ ಹೂಗೊಂಚಲು ಒಣಗಿ, ಒಂದೊಂದು ಬೀಜಕ್ಕೂ ಕುಚ್ಚು ಮೂಡಿ, ಫೆಬ್ರವರಿಯ ಗಾಳಿಗೆ ಹಾರುತ್ತದೆ. ಆ ಬೀಜಕ್ಕೆ ಕಾಂಪೌಂಡು ಗೋಡೆಯ ಲೆಕ್ಕವಿಲ್ಲ. ನಮ್ಮಲ್ಲಿಗೆ ಕೆಲಸಕ್ಕೆ ಬರುವ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಆಚೆ ನೋಡಿ ಹೇಳಿದ್ದು: "ಹ್ವಾಯ್, ಈಚಿ ಬದಿ ಕಿತ್ರ್ ಎಂತ ಆತ್ತ್ ಮಾರಾಯ್ರೆ? ಆಚಿ ಬದಿ ಹಡ್ಲ್ ಬಿದ್ದಿತಲೆ." ತೋಟದ ಕಳೆಯ ಬಗ್ಗೆ ನಾನು ಓದಿದ ಸಲಹೆಗಳಲ್ಲಿ ಬಹುತೇಕ ಒಬ್ಬನ ತೋಟ, ಒಬ್ಬನ ಕೈ, ಒಬ್ಬನ ಹಟ ಎಂದೇ ಹೊರಡುತ್ತವೆ. ಆಕೆ ರೋಗದ ಬೇರು ತೋರಿಸಿದ್ದು ಸರ್ವೆ ನಂಬರಿನಾಚೆ.

ಹುಲ್ಲಿನ ಮದ್ದಿನ ಮಾತೂ ಬರುತ್ತದೆ. ಗ್ಲೈಫೋಸೇಟ್ ಎಂಬ ಕಳೆಮದ್ದನ್ನು ಕೀಟನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಸಿಂಪಡಿಸಬೇಕೆಂದು ಕೇಂದ್ರ ಸರಕಾರ 2022ರಲ್ಲಿ ಆದೇಶ ಮಾಡಿತ್ತು. ಆದೇಶ ಇರಲಿ ಬಿಡಲಿ, ನನ್ನ ತಕರಾರು ಸರಳ: ಅದು ಒಂದೆಲಗವನ್ನೂ ಸುಡುತ್ತದೆ, ಪಕ್ಕದ ಬೀಜ ಬಂದು ಬೀಳಲು ಜಾಗ ಸಾಫು ಮಾಡಿ ಕೊಡುತ್ತದೆ. ಗಿಡ ತಿನ್ನುವ ಹುಳು ತಂದು ಬಿಟ್ಟ ಪ್ರಯತ್ನವೂ ಉಂಟು. 1980ರ ದಶಕದ ಕೊನೆಗೆ ಸುಳ್ಯದ ಜಾಲ್ಸೂರು ಕಡೆ ಅಂಥ ಹುಳು ನೆಲೆಯೂರಿ ಪೊದೆಗಳನ್ನು ಬೋಳು ಮಾಡಿತ್ತು. ನಮ್ಮ ಕಡೆ ಗಿಡ ಹಸುರಾಗೇ ಇದೆ.

ಇದಕ್ಕೆ ನಿಜವಾದ ಶತ್ರು ನಿಂತ ನೀರು. ಅಂಚು ಕಟ್ಟಿ, ಉತ್ತು, ನೀರು ನಿಲ್ಲಿಸಿದ ಗದ್ದೆಯಲ್ಲಿ ಕಮ್ಯುನಿಸ್ಟ್ ಗಿಡ ಬಾಳುವುದಿಲ್ಲ. ಅಂದರೆ ಭತ್ತದ ಬೇಸಾಯವೇ ಕಳೆನಾಶಕವಾಗಿತ್ತು, ಅದಕ್ಕೆ ಆ ಹೆಸರಿರಲಿಲ್ಲ ಅಷ್ಟೆ. 2021ರಲ್ಲಿ ಆಗಿನ ಉಡುಪಿ ಶಾಸಕ ಕೆ. ರಘುಪತಿ ಭಟ್ ಕೇದಾರೋತ್ಥಾನ ಟ್ರಸ್ಟ್ ಕಟ್ಟಿ 'ಹಡಿಲು ಭೂಮಿ ಕೃಷಿ ಆಂದೋಲನ' ನಡೆಸಿದಾಗ ಈ ಪದ ಬ್ಯಾನರು ಹತ್ತಿತು. ಗದ್ದೆ ಅಂಚಿನ ಮಾತು ಪತ್ರಿಕೆಗಳ ತಲೆಬರಹವಾಯಿತು, ವಿದ್ಯಾರ್ಥಿಗಳು ಸಂಘಸಂಸ್ಥೆಯವರು ಕೆಸರಿಗಿಳಿದರು. ಬೆಳೆದ ಕುಚ್ಚಲಕ್ಕಿ 'ಉಡುಪಿ ಕೇದಾರ ಕಜೆ' ಎಂದು ಮಾರಾಟಕ್ಕೆ ಬಂತು. ಕೇದಾರವೆಂದರೆ ಸಂಸ್ಕೃತದಲ್ಲಿ ಗದ್ದೆ. ಚೀಲದ ಮೇಲೆ ಸಂಸ್ಕೃತ, ಕಳೆ ಕೀಳುವಲ್ಲಿ ಹಡಿಲು ಎಂಬ ಈ ಹಂಚಿಕೆ ನನಗೆ ಪೂರ್ತಿ ಹಿಡಿಸಲಿಲ್ಲ. ಆದರೂ ಆಂದೋಲನದ ಹೆಸರು ಹಡಿಲನ್ನು ಮತ್ತೆ ಒಬ್ಬರು ಹೊಣೆ ಹೊರುವ ಪದ ಮಾಡಿತ್ತು. ಒಂದು ಸಲ ಬೆಳೆದು ಮತ್ತೆ ಕೈಬಿಟ್ಟ ಗದ್ದೆಗೆ ಯಾವ ಕ್ರಿಯಾಪದ ಹಾಕಬೇಕು ಎಂಬುದು ಮುಂದಿನ ಪ್ರಶ್ನೆ.

ಹಡಿಲಿಗೆ ಇನ್ನೊಂದು ಅಂತ್ಯವೂ ಇದೆ: ಕನ್ವರ್ಶನ್. ಕಲ್ಲು ಹುಗಿದು, ಕೆಂಪುಮಣ್ಣು ತುಂಬಿಸಿದ ಕೂಡಲೇ ಅದನ್ನು ಯಾರೂ ಗದ್ದೆಯೆಂದಾಗಲಿ ಹಡಿಲೆಂದಾಗಲಿ ಕರೆಯುವುದಿಲ್ಲ, ಅದು 'ಜಾಗ'. ಬೈಂದೂರು, ಬ್ರಹ್ಮಾವರ ತಾಲೂಕು ಕೇಂದ್ರಗಳಾದ ಮೇಲೆ ಜಾಗಕ್ಕೆ ಕ್ರಯ ಬಂದಿದೆ, ಹೆದ್ದಾರಿ ಬದಿಯದಕ್ಕಂತೂ ಹೇಳುವುದೇ ಬೇಡ. ಕ್ರಯಕ್ಕೆ ಕಾಯುವವರೆಗೆ ಪೊದೆ ಬೆಳೆಯುತ್ತಿರುತ್ತದೆ.

ನಮ್ಮ ಪಕ್ಕದ ಹಡಿಲಿನ ಯಜಮಾನರು ಮುಂಬಯಿಯಲ್ಲಿ. ಚೌತಿ ಮುಗಿದ ಮೇಲೆ ಫೋನ್ ಮಾಡಿ, ಹೂವಾಗುವ ಮೊದಲು ಎರಡೂ ಬದಿ ಒಟ್ಟಿಗೆ ಕೀಳಿಸಿದರೆ ಕೂಲಿ ಅರ್ಧಅರ್ಧ ಎಂದೆ. ನಾನು ಹಡಿಲು ಎಂದಾಗಲೆಲ್ಲ ಅವರು ಜಾಗ ಎನ್ನುತ್ತಿದ್ದರು. ಕೊನೆಗೆ ಒಪ್ಪಿದರು: "ಆಯ್ತ್ ಮಾರಾಯ್ರೆ, ಅರ್ಧ ದುಡ್ಡ್ ಗೂಗಲ್ ಪೇ ಮಾಡ್ತೆ. ಆರೆ ಕಲ್ಲ್ ಹಾಕದ್ ಎಲ್ಲಿ ಅಂದೇಳಿ ಒಂದ್ ಫೋಟೊ ಕಳ್ಸಿ, ನಂಗೆ ಗಡಿ ಮರ್ತೇ ಹೋಯ್ತ್."