ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿ

ನವೆಂಬರ್ 2ರಂದು ಹಿರಿಯರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ನಾಳೆ ನಮ್ಮ ಸಮಾಧಿಯ ಮುಂದೆ ನಿಲ್ಲುವವರು ಏನನ್ನು ನೆನೆದಾರು?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಆಸ್ತಿ ಎಂದರೆ ಹೊಲ, ಮನೆ, ದನಕರು. ಪಾಲಾಗುವಾಗ ಅಣ್ಣತಮ್ಮಂದಿರ ಮಾತು ನಿಲ್ಲುವುದೂ ಉಂಟು. ಆದರೆ ಹಂಚಿದಷ್ಟೂ ಬೆಳೆಯುವ ಆಸ್ತಿಯೊಂದು ಇದೇ ಮಣ್ಣಿನಲ್ಲಿ ಹುಟ್ಟಿತು.

1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಎಂಬ ಅಂಧ ಮಗು ಜನಿಸಿತು. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನ ಕಂಠವನ್ನು ಗುರುತಿಸಿ, ಸಂಗೀತ ಕಲಿಯಲು ಆಸರೆಯಾದರು. ಅವರೇ ಮುಂದೆ ಪಂಚಾಕ್ಷರಿ ಗವಾಯಿಗಳು. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ಕಲಿತ ಅವರು, ಅಂಧರನ್ನೂ ಬಡವರನ್ನೂ ಕೂಡಿಸಿಕೊಂಡು ಕಲಿಸಿದರು. 1914ರಲ್ಲಿ ಅದೇ ತಾಲೂಕಿನಲ್ಲಿ ಹುಟ್ಟಿ, ಎಳವೆಯಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜರು ಅವರ ಶಿಷ್ಯರಾದರು. 1944ರಲ್ಲಿ ಗುರುಗಳು ಅಗಲಿದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, 2010ರಲ್ಲಿ ಕಣ್ಮುಚ್ಚುವವರೆಗೂ ಅನ್ನ, ವಿದ್ಯೆ ಎರಡನ್ನೂ ನೀಡಿದರು.

ಈ ಮೂವರಿಗೂ ಸ್ವಂತ ಮಕ್ಕಳಿರಲಿಲ್ಲ. ಆದರೂ ಅವರ ಸಂತತಿ ಇಂದಿಗೂ ಹಾಡುತ್ತಿದೆ.

ಪ್ರಿಯರೇ, ಗದಿಗೆಯ್ಯ ನಮ್ಮ ಬಾಗಿಲಿಗೆ ಬಂದಿದ್ದರೆ ನಾವು ಏನು ಮಾಡುತ್ತಿದ್ದೆವು? ಒಂದು ರೊಟ್ಟಿ ಕೊಟ್ಟು ಕಳುಹಿಸುತ್ತಿದ್ದೆವೇನೋ. ಅವನ ಕುರುಡು ನಮಗೆ ಕಾಣುತ್ತಿತ್ತು, ಕಂಠ ಕೇಳುತ್ತಿರಲಿಲ್ಲ. ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಕಥೆ ನಮಗೆ ಗೊತ್ತು. ಇನ್ನೊಬ್ಬರ ಮಗುವಿನ ತಲಾಂತು ಹೂತುಹೋಗುವುದನ್ನು ನೋಡಿಯೂ ಸುಮ್ಮನಿರುವುದು ಅದಕ್ಕಿಂತ ಕಡಿಮೆ ತಪ್ಪಲ್ಲ.

ನಮ್ಮ ಧರ್ಮಕೇಂದ್ರದಲ್ಲೂ ಕೈಹಿಡಿಯುವವರಿಲ್ಲದ ಮಗುವೊಂದು ಇದ್ದೀತು. ಈ ವರ್ಷ ಮೇಣದಬತ್ತಿ ಹಚ್ಚಿ ಮನೆಗೆ ಮರಳುವಾಗ ಆ ಮಗುವಿನ ಮನೆಗೂ ಹೋಗಿಬರೋಣ.