ಹಾರ್ಡ್‌ಕೋರ್ ಪಂಕ್ ಸಂಗೀತದಲ್ಲಿ ಪಕ್ಷಭೇದ

ಹಾರ್ಡ್‌ಕೋರ್ ಪಂಕ್ ಎಂಬುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1980ರ ಆಸುಪಾಸಿನಲ್ಲಿ ರೂಪುಗೊಂಡ, ಅತಿದ್ರುತವೂ ಕರ್ಕಶವೂ ಆದ ಸಂಗೀತಪ್ರಕಾರ. ಇದನ್ನು ಆಶ್ರಯಿಸಿದ ತರುಣರು ಗುರುವನ್ನಾಗಲಿ ಪ್ರಭುವನ್ನಾಗಲಿ ಒಪ್ಪದವರು. ಧ್ವನಿಮುದ್ರಿಕೆ, ಪತ್ರಿಕೆ, ಸಭಾಂಗಣಗಳನ್ನು ತಾವೇ ನಡೆಸಿಕೊಂಡವರು. ಅರಸಿಲ್ಲದ ಇಂಥ ಸಮುದಾಯದಲ್ಲಿ ಬಹಿಷ್ಕಾರದ ಅಧಿಕಾರವು ಯಾರದು? ಅವರ ರಾಜಕೀಯ ಕಲಹಗಳಲ್ಲಿ ಪದೇ ಪದೇ ತಲೆದೋರುವ ಪ್ರಶ್ನೆ ಇದೇ.

ಮೊದಲಿನ ಪಂಕರಲ್ಲಿ ಕೆಲವರು ಹಿರಿಯರನ್ನು ಕೆಣಕುವುದಕ್ಕಾಗಿಯೇ ಜರ್ಮನಿಯ ನಾಜಿಗಳ ಚಿಹ್ನೆಯನ್ನು ಧರಿಸುತ್ತಿದ್ದರು. ಪರಿಹಾಸವಾಗಿ ಹೊಕ್ಕದ್ದು ಪರಿಹಾಸವಾಗಿಯೇ ಉಳಿಯಲಿಲ್ಲ. ಕಚೇರಿಗಳಲ್ಲಿ ಹೊಡೆದಾಟವು ಹೆಚ್ಚಲು, ಸಾನ್ ಫ್ರಾನ್ಸಿಸ್ಕೋ ನಗರದ ಡೆಡ್ ಕೆನೆಡೀಸ್ ಮೇಳವು ನಾಜಿ ವೇಷದ ಪಂಕರನ್ನು ತೊಲಗಿರೆಂದು ಗದರಿಸುವ ಗೀತವನ್ನು 1981ರಲ್ಲಿ ಪ್ರಕಟಿಸಿ, ಮುದ್ರಿಕೆಯೊಡನೆ ಆ ಚಿಹ್ನೆಯನ್ನು ಹೊಡೆದುಹಾಕಿದ ತೋಳುಪಟ್ಟಿಯನ್ನೂ ಕೊಟ್ಟಿತು.

1982ರಲ್ಲಿ ಅದೇ ಪ್ರಾಂತದಿಂದ ಹೊರಟ 'ಮ್ಯಾಕ್ಸಿಮಮ್ ರಾಕ್‌ನ್‌ರೋಲ್' ಪತ್ರಿಕೆಯು ಎಡಪಕ್ಷವನ್ನು ಹಿಡಿದು, ನ್ಯೂಯಾರ್ಕಿನ ಮಂಡೆ ಬೋಳಿಸಿದ ತರುಣರಲ್ಲಿ ಬಲಪಕ್ಷದ ಒಲವನ್ನು ಕಂಡು ಖಂಡಿಸಿತು. ಅಲ್ಲಿಯ ಅಗ್ನಾಸ್ಟಿಕ್ ಫ್ರಂಟ್ ಮೇಳವು, ಸರಕಾರದ ಸಹಾಯಧನದಿಂದ ಬದುಕುವವರನ್ನು ಆಕ್ಷೇಪಿಸುವ ಗೀತವೊಂದನ್ನು 1986ರಲ್ಲಿ ಹಾಡಿದುದು ವಿವಾದವನ್ನು ಬೆಳೆಸಿತು. ಆದರೆ ಆ ಮೇಳದ ಗಾಯಕರಾದ ರಾಜರ್ ಮಿರೆಟ್ ಕ್ಯೂಬಾದಲ್ಲಿ ಹುಟ್ಟಿ ವಲಸೆ ಬಂದವರು. ಆದುದರಿಂದ ಫ್ಯಾಸಿಸ್ಟರೆಂಬ ಒಂದೇ ಹೆಸರಿನಿಂದ ಅವರೆಲ್ಲರನ್ನೂ ಅಳೆಯುವುದು ಯುಕ್ತವಾಗಲಾರದು.

ಈ ಪತ್ರಿಕೆಯವರ ನೆರವಿನಿಂದ 1986ರ ಡಿಸೆಂಬರ್ 31ರಂದು ಸಮೀಪದ ಬರ್ಕ್ಲಿ ನಗರದ ಗಿಲ್ಮನ್ ಬೀದಿಯಲ್ಲಿ ಸಭಾಂಗಣವೊಂದು ತೆರೆಯಿತು. ವರ್ಣದ್ವೇಷ, ಸ್ತ್ರೀನಿಂದೆ, ಮದ್ಯ, ಹಿಂಸೆ ಇವು ಅಲ್ಲಿ ನಿಷಿದ್ಧ. ದೊಡ್ಡ ಮುದ್ರಿಕಾಸಂಸ್ಥೆಗಳೊಡನೆ ಕರಾರು ಮಾಡಿಕೊಂಡ ಮೇಳಗಳಿಗೂ ಅಲ್ಲಿ ಅವಕಾಶವಿರಲಿಲ್ಲ. ಅಲ್ಲಿಯೇ ಬೆಳೆದ ಗ್ರೀನ್ ಡೇ ಮೇಳಕ್ಕೂ ಇದೇ ಕಾರಣದಿಂದ ಬಾಗಿಲು ಮುಚ್ಚಿತು. 1994ರ ಮೇ ತಿಂಗಳಲ್ಲಿ, ಡೆಡ್ ಕೆನೆಡೀಸ್ ಮೇಳದ ಗಾಯಕರಾಗಿದ್ದ ಜೆಲ್ಲೊ ಬಿಯಾಫ್ರರನ್ನು, ಹಣಕ್ಕೆ ಮಾರಿಕೊಂಡವರೆಂದು ಜರೆದು, ಕೆಲವರು ಅಲ್ಲಿಯೇ ಥಳಿಸಿ ಕಾಲಿಗೆ ತೀವ್ರವಾಗಿ ಗಾಯಮಾಡಿದರು. ಹೊಡೆಯುವವರನ್ನು ತೊಲಗಿರೆಂದು ಹಾಡಿದವರೇ, ಹಿಂಸೆ ನಿಷಿದ್ಧವಾದ ಸ್ಥಳದಲ್ಲಿ, ಶುದ್ಧಿಯ ಹೆಸರಿನಲ್ಲಿ ಪೆಟ್ಟು ತಿಂದಂತಾಯಿತು.

ಗಡಿಯಿಲ್ಲದಿದ್ದರೆ ಬಲಿಷ್ಠನ ಮುಷ್ಟಿಯೇ ಶಾಸನ. ಗಡಿಯಿದ್ದರೆ ಅದನ್ನು ಕಾಯುವವನೇ ಪ್ರಭು. ಶಾಸ್ತ್ರಕಾರರು ಉಭಯತಃಪಾಶಾ ರಜ್ಜು ಎನ್ನುವುದು ಇಂಥದನ್ನೇ. ನಾಜಿ ಚಿಹ್ನೆಯನ್ನು ಹೊರಗಿಟ್ಟುದು ತಪ್ಪೆನ್ನಲಾಗದು. ದ್ವೇಷಿಯನ್ನು ತಡೆಯುವುದಕ್ಕೆ ಹುಟ್ಟಿದ ನಿಷೇಧವು ಭಿನ್ನಮತದ ಮಿತ್ರನವರೆಗೂ ಚಾಚಿದುದೇ ದೋಷ. 2015ರ ಮೇ ತಿಂಗಳಲ್ಲಿ, ಬೆಂಕಿಯಿಂದ ನಷ್ಟಹೊಂದಿದ ಪ್ರಕಾಶಕರ ಸಹಾಯಾರ್ಥವಾಗಿ, ಗ್ರೀನ್ ಡೇ ಮೇಳವು ಅದೇ ಗಿಲ್ಮನ್ ಸಭಾಂಗಣದಲ್ಲಿ ಮತ್ತೆ ಹಾಡಿತು. ಇಪ್ಪತ್ತು ವರ್ಷ ಮುಚ್ಚಿದ್ದ ಬಾಗಿಲು ವಾದದಿಂದಲ್ಲ, ಒಬ್ಬರ ಕಷ್ಟಕ್ಕೆ ಒದಗುವುದರಿಂದ ತೆರೆಯಿತೆಂಬುದು ಗಮನಾರ್ಹ.